ಬ್ಲಾಕ್ ಕರಗಿಸುವ ಊಟ ಉಂಟೇ?

ಪ್ರಶ್ನೆ: ಡಾಕ್ಟರೇ, ನಮ್ಮ ಯಜಮಾನರಿಗೆ 56 ವರ್ಷ. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ. ಆರು ತಿಂಗಳಿಂದ ಮೆಟ್ಟಿಲು ಹತ್ತುವಾಗ, ಊಟವಾದ ಮೇಲೆ ಬಿರುಸಾಗಿ ನಡೆದಾಗ ಎದೆ ಹಿಡಿದುಕೊಂಡಂತಾಗುತ್ತದೆ. ನಿಂತರೆ ಎರಡು ಮೂರು ನಿಮಿಷದಲ್ಲಿ ಸರಿಹೋಗುತ್ತದೆ. ಆಂಜಿಯೋಗ್ರಾಂ ಮಾಡಿಸಿದೆವು. ಎಲ್‌ಎಡಿ ಎನ್ನುವ ನಾಳದ ನಡುಭಾಗದಲ್ಲಿ ಶೇ 70, ಬಲಗಡೆಯ ನಾಳದಲ್ಲಿ ಶೇ 50 ಬ್ಲಾಕ್ ಇದೆ. ಎಡಗಡೆಯ ಮುಖ್ಯನಾಳ ಚೆನ್ನಾಗಿದೆಯಂತೆ, ಹೃದಯದ ಪಂಪಿಂಗ್ ಶೇ 60 ಇದೆ. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 148. ಸಕ್ಕರೆ ಗಡಿಯಲ್ಲಿದೆ, ಬಿ.ಪಿ.ಗೆ ಮಾತ್ರೆ ತಗೋತಾರೆ. ಒಬ್ಬ ಡಾಕ್ಟರು ಸ್ಟೆಂಟ್ ಹಾಕಿಸಿ ಅಂದರು, ಇನ್ನೊಬ್ಬರು ಮೊದಲು ಮಾತ್ರೆಯಲ್ಲೇ ನೋಡೋಣ ಅಂದರು. ನೆಂಟರು ಶುಂಠಿ, ಬೆಳ್ಳುಳ್ಳಿ, ನಿಂಬೆರಸ, ಆಪಲ್ ಸೈಡರ್ ವಿನೆಗರ್ ಕುದಿಸಿ ಜೇನು ಬೆರೆಸಿ ಮೂರು ತಿಂಗಳು ಕುಡಿದರೆ ಬ್ಲಾಕ್ ಕರಗಿಹೋಗುತ್ತದೆ ಅಂತಾರೆ. ಕಾಲಿಗೆ ಪಟ್ಟಿ ಕಟ್ಟಿ ಮಾಡುವ ‘ನ್ಯಾಚುರಲ್ ಬೈಪಾಸ್’ ಬಗ್ಗೆಯೂ ಕೇಳಿದ್ದೇವೆ. ಇವರಿಗೆ ಆಪರೇಷನ್ ಅಂದರೆ ಭಯ. ಊಟದಲ್ಲೇ ಸರಿಮಾಡಿಕೊಳ್ಳಲು ಆಗುವುದಿಲ್ಲವೇ? ತೆಂಗಿನಕಾಯಿ ಪೂರ್ತಿ ಬಿಡಬೇಕೇ? ದಿನಕ್ಕೆ ನಾಲ್ಕೈದು ಸಿಗರೇಟು ಬಿಟ್ಟರೆ ಬೇರೆ ಯಾವ ಚಟವೂ ಇಲ್ಲ.

ಉತ್ತರ: ಅಮ್ಮ, ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳು ಸೇರಿಕೊಂಡಿವೆ. ಊಟದಿಂದ ಬ್ಲಾಕ್ ಕರಗುತ್ತದೆಯೇ ಎನ್ನುವುದು ಒಂದು. ಸ್ಟೆಂಟ್ ಹಾಕಿಸದೆ ಇದ್ದರೆ ಯಜಮಾನರ ಜೀವಕ್ಕೆ ಅಪಾಯವೇ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ: ಶೇ 70 ಇರುವ ಬ್ಲಾಕ್ ಊಟದಿಂದ ಕರಗಿಹೋಗುವುದಿಲ್ಲ. ಎರಡನೆಯದಕ್ಕೆ: ನೀವು ಬರೆದ ರಿಪೋರ್ಟ್ ಪ್ರಕಾರ, ನಾಳೆಯೇ ಸ್ಟೆಂಟ್ ಹಾಕಿಸಬೇಕೆಂಬ ತುರ್ತು ನನಗೆ ಕಾಣುತ್ತಿಲ್ಲ. ಈ ಎರಡೂ ಹೇಗೆ ಒಟ್ಟಿಗೆ ನಿಜವಾಗುತ್ತವೆ ಎಂದು ತಿಳಿದರೆ ನಿಮ್ಮ ಅರ್ಧ ಭಯ ಇಳಿಯುತ್ತದೆ.

ನಾವು ಡಾಕ್ಟರುಗಳೇ ಒಂದು ತಪ್ಪು ಚಿತ್ರವನ್ನು ಜನರ ತಲೆಗೆ ತುಂಬಿಬಿಟ್ಟಿದ್ದೇವೆ. ಪೈಪಿನಲ್ಲಿ ಕೆಸರು ಕಟ್ಟಿಕೊಂಡ ಹಾಗೆ ರಕ್ತನಾಳದಲ್ಲಿ ಕೊಬ್ಬು ಕಟ್ಟಿಕೊಂಡಿದೆ, ಬಲೂನು ಹಾಕಿ ತೆಗೆಯುತ್ತೇವೆ ಎನ್ನುತ್ತೇವೆ. ಕೆಸರಾದರೆ ಕರಗಿಸಬಹುದಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ವಿನೆಗರ್ ಕಷಾಯ ಹುಟ್ಟಿದ್ದೇ ಈ ಚಿತ್ರದಿಂದ. ಆದರೆ ಬ್ಲಾಕ್ ಇರುವುದು ರಕ್ತ ಹರಿಯುವ ದಾರಿಯಲ್ಲಲ್ಲ, ನಾಳದ ಗೋಡೆಯ ಒಳಗೆ. ಎಲ್‌ಡಿಎಲ್ ಕಣಗಳು ಒಳಪೊರೆಯನ್ನು ದಾಟಿ ಗೋಡೆಯೊಳಗೆ ಸೇರುತ್ತವೆ. ಅವನ್ನು ನುಂಗಲು ಬಂದ ಬಿಳಿರಕ್ತಕಣಗಳು ಕೊಬ್ಬು ತುಂಬಿ ಅಲ್ಲೇ ಸಾಯುತ್ತವೆ. ಸುತ್ತ ಉರಿಯೂತ, ಮೇಲೆ ನಾರಿನ ಒಂದು ಮುಚ್ಚಳ, ವರ್ಷಗಳು ಕಳೆದಂತೆ ಸುಣ್ಣ. ಚರ್ಮದ ಕೆಳಗೆ ಬಲಿತ ಕೀವುಗುಳ್ಳೆಯನ್ನು ನೆನೆಸಿಕೊಳ್ಳಿ, ಅದೇ ಹತ್ತಿರದ ಹೋಲಿಕೆ.

ಆಂಜಿಯೋಗ್ರಾಂ ಮಾಡುವಾಗ ಮಣಿಕಟ್ಟಿನಿಂದ ತೆಳ್ಳಗಿನ ನಳಿಕೆ ತೂರಿಸಿ, ಹೃದಯದ ನಾಳದ ಬಾಯಲ್ಲಿಟ್ಟು ಡೈ ಬಿಡುತ್ತೇವೆ. ಪರದೆಯ ಮೇಲೆ ಕಪ್ಪು ಗೆರೆಗಳು ಬಳ್ಳಿಯ ಹಾಗೆ ಹರಡಿಕೊಳ್ಳುತ್ತವೆ. ಒಂದು ಕಡೆ ಬಳ್ಳಿಯನ್ನು ಚಿವುಟಿದ ಹಾಗೆ ಗೆರೆ ಸಣ್ಣಗಾಗಿರುತ್ತದೆ. ನಾವು ಅಳೆಯುವುದು ಆ ಚಿವುಟಿದ ಜಾಗವನ್ನು. 3 ಮಿಲಿಮೀಟರ್ ಅಗಲದ ನಾಳದಲ್ಲಿ ಶೇ 70 ಬ್ಲಾಕ್ ಎಂದರೆ ಉಳಿದ ದಾರಿ 1 ಮಿಲಿಮೀಟರಿಗಿಂತಲೂ ಕಡಿಮೆ. ಅಲ್ಲಿಂದ ಕೂತಾಗ ಬೇಕಾದಷ್ಟು ರಕ್ತ ಹೋಗುತ್ತದೆ, ಮೆಟ್ಟಿಲು ಹತ್ತುವಾಗ ಬೇಕಾದಷ್ಟು ಹೋಗುವುದಿಲ್ಲ. ನಿಮ್ಮ ಯಜಮಾನರಿಗೆ ಎದೆ ಹಿಡಿಯುವುದು ಇದಕ್ಕೇ.

ಹೃದಯಾಘಾತ ಆಗುವ ರೀತಿ ಬೇರೆ. ಅದು ಹೆಚ್ಚಾಗಿ ಗುಳ್ಳೆಯ ಮುಚ್ಚಳ ಒಡೆದಾಗ ಆಗುತ್ತದೆ. ಒಡೆದ ಜಾಗದಲ್ಲಿ ನಿಮಿಷಗಳೊಳಗೆ ರಕ್ತ ಹೆಪ್ಪುಗಟ್ಟಿ ನಾಳ ಪೂರ್ತಿ ಮುಚ್ಚಿಕೊಳ್ಳುತ್ತದೆ. ಹಾಗೆ ಒಡೆಯುವ ಗುಳ್ಳೆ ಶೇ 70ರದ್ದೇ ಆಗಬೇಕೆಂದಿಲ್ಲ. ಶೇ 40, 50ರ ಮೆತ್ತಗಿನ ಗುಳ್ಳೆಗಳೇ ಎಷ್ಟೋ ಸಲ ಒಡೆಯುತ್ತವೆ. ಟ್ರೆಡ್‌ಮಿಲ್ ನಾರ್ಮಲ್ ಬಂದವರಿಗೂ ತಿಂಗಳೊಳಗೆ ಹೃದಯಾಘಾತ ಆಗಬಹುದಾದದ್ದು ಹೀಗೆ. ಸ್ಟೆಂಟ್ ಒಂದು ಜಾಗದ ಚಿವುಟನ್ನು ಬಿಡಿಸುತ್ತದೆ, ಎದೆನೋವು ಕಡಿಮೆ ಮಾಡುತ್ತದೆ. ಮೂರೂ ನಾಳಗಳ ಉದ್ದಕ್ಕೂ ಇರುವ ಉಳಿದ ಗುಳ್ಳೆಗಳು ಒಡೆಯದಂತೆ ಕಾಯುವುದು ಅದರ ಕೈಲಾಗುವುದಿಲ್ಲ. ಅದನ್ನು ಮಾಡುವುದು ಊಟ, ನಡಿಗೆ, ತಂಬಾಕು ಬಿಡುವುದು ಮತ್ತು ಮಾತ್ರೆ. ಇವು ಗುಳ್ಳೆಯನ್ನು ಮಾಯ ಮಾಡುವುದಿಲ್ಲ. ಉರಿ ಇಳಿಸಿ, ಒಳಗಿನ ಕೊಬ್ಬನ್ನು ಕಡಿಮೆ ಮಾಡಿ, ಮುಚ್ಚಳ ದಪ್ಪವಾಗುವಂತೆ ಮಾಡುತ್ತವೆ.

ಇದು ಬರೀ ನನ್ನ ಅಭಿಪ್ರಾಯವಲ್ಲ. ಅಮೆರಿಕ, ಕೆನಡಾಗಳಲ್ಲಿ 2,287 ರೋಗಿಗಳ ಮೇಲೆ ನಡೆದ ‘ಕರೇಜ್’ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಅವರಲ್ಲಿ ಹೆಚ್ಚಿನವರಿಗೆ ನಿಮ್ಮ ಯಜಮಾನರ ಹಾಗೆ ಶ್ರಮಪಟ್ಟಾಗ ಮಾತ್ರ ಬರುವ, ಸ್ಥಿರವಾದ ಎದೆನೋವಿನ ಕಾಯಿಲೆ. ಅರ್ಧದಷ್ಟು ಜನಕ್ಕೆ ಮಾತ್ರೆ, ಜೀವನಶೈಲಿ ಮತ್ತು ಸ್ಟೆಂಟ್. ಉಳಿದವರಿಗೆ ಸ್ಟೆಂಟ್ ಇಲ್ಲದೆ ಬಾಕಿ ಎಲ್ಲ. ನಾಲ್ಕೂವರೆ ವರ್ಷದ ಕೊನೆಗೆ ಸಾವು, ಹೃದಯಾಘಾತಗಳ ಲೆಕ್ಕದಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಆಮೇಲೆ 37 ದೇಶಗಳ 5,179 ಜನರ ಮೇಲೆ ಇನ್ನೂ ದೊಡ್ಡದಾಗಿ ನಡೆದ ‘ಇಸ್ಕೀಮಿಯಾ’ ಅಧ್ಯಯನ 2020ರಲ್ಲಿ ಹೊರಬಂತು. ಹೃದಯಕ್ಕೆ ರಕ್ತದ ಕೊರತೆ ಮಧ್ಯಮದಿಂದ ತೀವ್ರ ಎನ್ನುವಷ್ಟು ಇದ್ದವರನ್ನೇ ಅದಕ್ಕೆ ಸೇರಿಸಿಕೊಂಡಿದ್ದರು. ಅಲ್ಲೂ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿಕೊಂಡವರಿಗೆ ಎದೆನೋವು ಚೆನ್ನಾಗಿ ಕಡಿಮೆಯಾಯಿತು, ಆಯುಷ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮಾತ್ರೆಯ ಗುಂಪಿನಲ್ಲಿದ್ದವರ ಪೈಕಿ ಸುಮಾರು ಐವರಲ್ಲಿ ಒಬ್ಬರು ಮುಂದೆ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿಕೊಂಡರು, ಉಳಿದ ನಾಲ್ವರಿಗೆ ಅಧ್ಯಯನ ನಡೆದಷ್ಟು ಕಾಲ ಅದು ಬೇಕಾಗಲಿಲ್ಲ. ನಿಮ್ಮ ಎರಡನೇ ಡಾಕ್ಟರು ‘ಮೊದಲು ಮಾತ್ರೆಯಲ್ಲಿ ನೋಡೋಣ’ ಅಂದದ್ದಕ್ಕೆ ಇಂಥ ಗಟ್ಟಿ ಆಧಾರವಿದೆ. ಹಾಗೆಂದು ಮೊದಲನೆಯವರು ತಪ್ಪು ಹೇಳಿದರು ಎಂದಲ್ಲ. ಎದೆನೋವು ದಿನದ ಕೆಲಸಕ್ಕೆ ಅಡ್ಡಿಯಾಗುತ್ತಿದ್ದರೆ ಸ್ಟೆಂಟ್ ನ್ಯಾಯವಾದ ದಾರಿಯೇ.

ಆದರೆ ಒಂದು ಮಾತು ದಪ್ಪ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ಎಡಗಡೆಯ ಮುಖ್ಯನಾಳದಲ್ಲೇ ದೊಡ್ಡ ಬ್ಲಾಕ್ ಇರುವವರು, ಪಂಪಿಂಗ್ ಶೇ 35ಕ್ಕಿಂತ ಕೆಳಗೆ ಇಳಿದವರು ‘ಇಸ್ಕೀಮಿಯಾ’ ಅಧ್ಯಯನದಲ್ಲಿ ಇರಲಿಲ್ಲ. ಅವರಿಗೆ ಈ ಮಾತು ಅನ್ವಯಿಸುವುದಿಲ್ಲ. ಸಕ್ಕರೆ ಕಾಯಿಲೆಯ ಜೊತೆಗೆ ಹಲವು ನಾಳಗಳಲ್ಲಿ ಬ್ಲಾಕ್ ಇದ್ದರೆ ಬೈಪಾಸ್ ಸ್ಟೆಂಟಿಗಿಂತಲೂ ಜೀವ ಉಳಿಸುತ್ತದೆ ಎಂದು 1,900 ಜನರ ಮೇಲೆ ನಡೆದ ‘ಫ್ರೀಡಂ’ ಅಧ್ಯಯನ 2012ರಲ್ಲೇ ತೋರಿಸಿತು. ಇನ್ನು ಹೃದಯಾಘಾತ ಆಗುತ್ತಿರುವಾಗ ಮುಚ್ಚಿದ ನಾಳವನ್ನು ತೆರೆಯುವುದು ಬಿಟ್ಟು ಬೇರೆ ಮಾತೇ ಇಲ್ಲ. ಆ ಹೊತ್ತಿನಲ್ಲಿ ಕಷಾಯ ಕಾಯಿಸುತ್ತಾ ಕೂತವರನ್ನು ನಾನು ನೋಡಿದ್ದೇನೆ, ಅವರ ಮನೆಯವರ ಮುಖ ಇವತ್ತಿಗೂ ಮರೆತಿಲ್ಲ. ನಿಮ್ಮ ರಿಪೋರ್ಟಿನಲ್ಲಿ ಮುಖ್ಯನಾಳ ಚೆನ್ನಾಗಿದೆ, ಪಂಪಿಂಗ್ ಶೇ 60 ಇದೆ, ನೋವು ಶ್ರಮಪಟ್ಟಾಗ ಮಾತ್ರ ಬರುತ್ತದೆ. ಅದಕ್ಕೇ ನಿಮಗೆ ಯೋಚಿಸಲು ಕಾಲಾವಕಾಶ ಇದೆ ಎನ್ನುತ್ತಿದ್ದೇನೆ.

‘ಊಟದಿಂದ ಬ್ಲಾಕ್ ಹಿಂದಕ್ಕೆ ಹೋಗುತ್ತದೆ’ ಎನ್ನುವವರು ಎಲ್ಲರೂ ತೋರಿಸುವುದು ಅಮೆರಿಕದ ವೈದ್ಯ ಡೀನ್ ಆರ್ನಿಶ್ ಅವರ ಅಧ್ಯಯನವನ್ನು. ಆರ್ನಿಶ್ ಯೋಗ ಕಲಿತದ್ದು ನಮ್ಮ ನೆರೆಯ ತಮಿಳುನಾಡಿನಿಂದ ಅಲ್ಲಿಗೆ ಹೋದ ಸ್ವಾಮಿ ಸಚ್ಚಿದಾನಂದರಿಂದ. 1990ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ಇದ್ದವರು 48 ಜನ. ಅವರಲ್ಲಿ 28 ಜನಕ್ಕೆ ಕಟ್ಟುನಿಟ್ಟಾದ ಕ್ರಮ: ಸಸ್ಯಾಹಾರ, ಒಟ್ಟು ಕ್ಯಾಲೊರಿಯಲ್ಲಿ ಕೊಬ್ಬು ಬರೀ ಶೇ 10, ದಿನಕ್ಕೊಂದು ಗಂಟೆ ಯೋಗ–ಧ್ಯಾನ, ನಡಿಗೆ, ಬೀಡಿ ಸಿಗರೇಟು ಬಂದ್, ವಾರಕ್ಕೆರಡು ಸಲ ಎಲ್ಲರೂ ಕೂತು ಮಾತನಾಡುವ ಸಭೆ. ವರ್ಷ ಕಳೆದ ಮೇಲೆ ಅವರ ಸರಾಸರಿ ಬ್ಲಾಕ್ ಶೇ 40ರಿಂದ 37.8ಕ್ಕೆ ಇಳಿದಿತ್ತು. ಉಳಿದವರದು ಶೇ 42.7ರಿಂದ 46.1ಕ್ಕೆ ಏರಿತ್ತು.

ಇಳಿದದ್ದು ಎಷ್ಟು ಎಂದು ಲೆಕ್ಕ ಹಾಕಿ ನೋಡಿ. 3 ಮಿಲಿಮೀಟರ್ ನಾಳದಲ್ಲಿ ಅದು ಒಂದು ತಲೆಗೂದಲಿನ ದಪ್ಪ. ವರ್ಷಪೂರ್ತಿ ಅಷ್ಟು ಕಠಿಣ ವ್ರತ ಮಾಡಿದ್ದಕ್ಕೆ ಒಂದು ಕೂದಲೆಳೆ. ಆದರೆ ಅದೇ ಜನರಲ್ಲಿ ಎದೆನೋವು ಬರುವ ಸಲಗಳು ಶೇ 91ರಷ್ಟು ಕಡಿಮೆಯಾದವು! ನನಗೆ ಈ ಅಧ್ಯಯನದಲ್ಲಿ ಬೆಲೆಬಾಳುವ ಅಂಶ ಇದು. ದಾರಿ ಅಗಲವಾಗದೆ ನೋವು ಹೇಗೆ ಇಳಿಯಿತು? ನಾಳದ ಒಳಪೊರೆ ಆರೋಗ್ಯವಾಗಿದ್ದರೆ ಬೇಕಾದಾಗ ನಾಳವನ್ನು ಸಡಿಲಿಸಿ ಹಿಗ್ಗಿಸುವ ಗುಣ ಅದಕ್ಕಿದೆ. ಹೊಗೆ, ಸಕ್ಕರೆ, ಕೊಬ್ಬು ಆ ಗುಣವನ್ನು ಕೊಲ್ಲುತ್ತವೆ. ನಡಿಗೆ, ಒಳ್ಳೆಯ ಊಟ ಮರಳಿ ತರುತ್ತವೆ. ದಿನಾ ನಡೆದವರ ಕಾಲಿನ ಸ್ನಾಯುಗಳು ಅಷ್ಟೇ ರಕ್ತದಲ್ಲಿ ಹೆಚ್ಚು ಕೆಲಸ ಮಾಡುತ್ತವೆ, ನಾಡಿ ನಿಧಾನವಾಗುತ್ತದೆ, ಹೃದಯದ ಮೇಲಿನ ಹೊರೆ ಇಳಿಯುತ್ತದೆ. ಐದು ವರ್ಷದ ಲೆಕ್ಕದಲ್ಲಿ ಆ 28 ಜನರಿಗೆ ಒಟ್ಟು 25 ಸಲ ಹೃದಯದ ತೊಂದರೆಗಳಾದರೆ, ಉಳಿದ 20 ಜನರಿಗೆ 45 ಸಲ. ಸಣ್ಣ ಅಧ್ಯಯನ, ಅದರಿಂದ ಸಾವಿನ ಲೆಕ್ಕ ಹೇಳಲಾಗದು. ಆದರೂ ಊಟ–ನಡಿಗೆಯಿಂದ ಏನಾಗುತ್ತದೆ, ಏನಾಗುವುದಿಲ್ಲ ಎರಡನ್ನೂ ಇಷ್ಟು ಸ್ಪಷ್ಟವಾಗಿ ತೋರಿಸಿದ್ದು ಇನ್ನೊಂದಿಲ್ಲ.

ಈಗ ಅಡುಗೆಮನೆಗೆ ಬರೋಣ. ಕೆನಡಾದ ಟೊರಾಂಟೊದಲ್ಲಿ ಡೇವಿಡ್ ಜೆಂಕಿನ್ಸ್ ಎಂಬ ವಿಜ್ಞಾನಿ 2003ರಲ್ಲಿ ಒಂದು ಪರೀಕ್ಷೆ ಮಾಡಿದರು. ಕೊಲೆಸ್ಟ್ರಾಲ್ ಇಳಿಸುವ ಆಹಾರಗಳನ್ನು ಒಂದೊಂದಾಗಿ ಅಲ್ಲ, ಒಟ್ಟಿಗೆ ಕೊಟ್ಟರೆ ಏನಾಗುತ್ತದೆ ಎಂದು ನೋಡಿದರು. ಅವರ ಪಟ್ಟಿ ಓದಿದಾಗ ನನಗೆ ನಮ್ಮ ಸಂತೆಯೇ ಕಣ್ಣಮುಂದೆ ಬಂತು. ಬೆಂಡೆಕಾಯಿ, ಬದನೆಕಾಯಿ, ಜವೆಗೋಧಿ, ಓಟ್ಸ್, ಇಸಬ್ಗೋಲ್, ಸೋಯಾ, ಬಾದಾಮಿ, ಜೊತೆಗೆ ಸಸ್ಯಗಳ ಸ್ಟೆರಾಲ್ ಸೇರಿಸಿದ ಮಾರ್ಗರೀನ್. ಒಂದೇ ತಿಂಗಳಲ್ಲಿ ಎಲ್‌ಡಿಎಲ್ ಶೇ 28ಕ್ಕಿಂತ ಸ್ವಲ್ಪ ಹೆಚ್ಚೇ ಇಳಿಯಿತು. ಕೊಲೆಸ್ಟ್ರಾಲ್ ಇಳಿಸುವ ಹಳೆಯ ಸ್ಟಾಟಿನ್ ಮಾತ್ರೆ ತಿಂದ ಇನ್ನೊಂದು ಗುಂಪಿನಲ್ಲಿ ಇಳಿದದ್ದೂ ಶೇ 31ರ ಹತ್ತಿರ. ಊಟಕ್ಕೆ ಇಂಥ ಶಕ್ತಿ ಇದೆ. ಆದರೆ ಅದು ಊಟವನ್ನೆಲ್ಲ ಅಳೆದು ತೂಗಿ ಕೈಗೆ ಕೊಟ್ಟಾಗ. ಮುಂದೆ ಜನರಿಗೆ ಸಲಹೆ ಮಾತ್ರ ಕೊಟ್ಟು, ಅವರವರ ಮನೆಯಲ್ಲಿ ಅವರೇ ಮಾಡಿಕೊಳ್ಳಲು ಬಿಟ್ಟು 2011ರಲ್ಲಿ ನೋಡಿದಾಗ ಆರು ತಿಂಗಳಲ್ಲಿ ಇಳಿದದ್ದು ಶೇ 13ರ ಆಸುಪಾಸು.

ಬೆಂಡೆಕಾಯಿಯ ಲೋಳೆ ಇದೆಯಲ್ಲ, ಹುರಿದು ಹುರಿದು ಹೋಗಲಾಡಿಸುತ್ತೇವಲ್ಲ, ಕೆಲಸ ಮಾಡುವುದು ಅದೇ. ಕರಗುವ ನಾರು ಕರುಳಿನಲ್ಲಿ ಪಿತ್ತರಸವನ್ನು ಹಿಡಿದುಕೊಂಡು ಹೊರಗೆ ಹಾಕುತ್ತದೆ. ಹೊಸ ಪಿತ್ತರಸ ಮಾಡಲು ಯಕೃತ್ತು ರಕ್ತದಿಂದ ಕೊಲೆಸ್ಟ್ರಾಲನ್ನು ಎಳೆದುಕೊಳ್ಳುತ್ತದೆ. ಅದರಿಂದ ಬೆಂಡೆಕಾಯಿಯನ್ನು ಎಣ್ಣೆಯಲ್ಲಿ ಕರಿಯದೆ ಸಾರಿಗೆ, ಗೊಜ್ಜಿಗೆ ಹಾಕಿ. ಬದನೆಕಾಯಿಯನ್ನು ಎಣ್ಣೆಗಾಯಿ ಮಾಡಿದರೆ ಸ್ಪಂಜಿನ ಹಾಗೆ ಎಣ್ಣೆ ಕುಡಿಯುತ್ತದೆ. ಸುಟ್ಟು ಮೊಸರುಬಜ್ಜಿ ಮಾಡಿ. ಹುರುಳಿ, ಅವರೆ, ಅಲಸಂದೆ, ಹೆಸರುಕಾಳು ದಿನಕ್ಕೊಂದು ಹೊತ್ತು ಇರಲೇಬೇಕು. ಸೊಪ್ಪು ಕಾಳು ಹಾಕಿದ ಬಸ್ಸಾರಿಗೆ ಒಂದು ರಾಗಿಮುದ್ದೆ, ಆಮೇಲೆ ಅರ್ಧದಷ್ಟೇ ಅನ್ನ: ನಿಮ್ಮ ಕಡೆಯ ಈ ಊಟವನ್ನು ಯಾವ ಪರದೇಶದ ಡಯಟ್ ಚಾರ್ಟಿಗೂ ಬಿಟ್ಟುಕೊಡಬೇಡಿ. ಯಜಮಾನರ ಸಕ್ಕರೆ ಗಡಿಯಲ್ಲಿರುವುದರಿಂದ ಮೊದಲು ಕಡಿಮೆಯಾಗಬೇಕಾದದ್ದು ಬಿಳಿ ಅನ್ನದ ಗುಡ್ಡೆ, ಕಾಫಿ ಟೀಗಳ ಸಕ್ಕರೆ, ಕೊಬ್ಬರಿ ಮಂಡಿಯಲ್ಲಿ ಕೂತು ತಿನ್ನುವ ಬಿಸ್ಕತ್ತು, ಖಾರಾಬನ್ನು. ಬಾದಾಮಿಗೆ ದುಡ್ಡು ಹೆಚ್ಚು ಅನ್ನಿಸಿದರೆ ಒಂದು ಹಿಡಿ ಕಡಲೆಕಾಯಿ ಸಾಕು, ಉಪ್ಪು ಹಾಕಿ ಹುರಿದದ್ದು ಬೇಡ. ಹುರಿದ ಅಗಸೆಬೀಜದ ಪುಡಿ ಒಂದು ಚಮಚ ಚಟ್ನಿಪುಡಿಗೆ ಬೆರೆಸಿ. ಮಲಗುವ ಮುಂಚೆ ಒಂದು ದೊಡ್ಡ ಚಮಚ ಇಸಬ್ಗೋಲ್ ಲೋಟದ ತುಂಬ ನೀರಿನಲ್ಲಿ. ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ. ಉಪ್ಪು ಇಡೀ ದಿನಕ್ಕೆ ಒಂದು ಚಿಕ್ಕ ಚಮಚ, ಅಷ್ಟರಲ್ಲೇ ಉಪ್ಪಿನಕಾಯಿ, ಹಪ್ಪಳದ ಲೆಕ್ಕವೂ ಸೇರಿತು.

ಎಣ್ಣೆಯ ವಿಷಯದಲ್ಲಿ ‘ನಾವು ಸ್ವಲ್ಪವೇ ಬಳಸೋದು’ ಎಂದು ಎಲ್ಲರೂ ಹೇಳುತ್ತಾರೆ. ನಾನು ಕೇಳುವುದು ಒಂದೇ, ಐದು ಲೀಟರ್ ಕ್ಯಾನು ಎಷ್ಟು ದಿನಕ್ಕೆ ಖಾಲಿಯಾಗುತ್ತದೆ? ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ ಒಂದು ಕ್ಯಾನು ಎಂದರೆ ತಲೆಗೆ ದಿನಕ್ಕೆ 40 ಮಿಲಿ ದಾಟಿತು. ಯಜಮಾನರಿಗೆ 20 ಮಿಲಿ, ಅಂದರೆ ಚಿಕ್ಕ ಚಮಚದಲ್ಲಿ ನಾಲ್ಕು, ಸಾಕು. ಇನ್ನು ಮುಂದೆ ಅದೇ ಕ್ಯಾನು ಎರಡು ತಿಂಗಳು ಬರಬೇಕು. ಕ್ಯಾನಿನ ಮೇಲೆ ತೆರೆದ ತಾರೀಖು ಬರೆದಿಡಿ, ಲೆಕ್ಕ ತಾನಾಗಿ ಸಿಗುತ್ತದೆ. ಗಾಣದ್ದೋ ರಿಫೈನ್ಡೋ ಎಂಬ ಜಗಳಕ್ಕಿಂತ ಎಷ್ಟು ಎನ್ನುವುದು ದೊಡ್ಡದು. ಕಡಲೆಕಾಯಿ, ಸೂರ್ಯಕಾಂತಿ, ಅಕ್ಕಿತೌಡು ಇವುಗಳಲ್ಲಿ ಯಾವುದಾದರೂ ಇರಲಿ, ಬದಲಾಯಿಸುತ್ತಿದ್ದರೂ ಸರಿ. ಡಾಲ್ಡಾ ಮನೆಗೆ ಬರುವುದು ಬೇಡ. ಬೋಂಡಾ ಕರಿದ ಎಣ್ಣೆಯನ್ನು ಮರುದಿನ ಒಗ್ಗರಣೆಗೆ ಬಳಸುವುದೂ ಬೇಡ.

ತೆಂಗಿನಕಾಯಿ ಕೇಳಿದಿರಿ. ತಿಪಟೂರಿನವರಿಗೆ ತೆಂಗು ಬಿಡಿ ಎನ್ನುವುದು ನನ್ನ ಬಾಯಲ್ಲೂ ಬರುವುದಿಲ್ಲ, ಅದು ಬೇಕಾಗಿಯೂ ಇಲ್ಲ. ಆದರೆ ಹಸಿಕಾಯಿಗೂ ಒಣಕೊಬ್ಬರಿಗೂ ಎಣ್ಣೆಗೂ ವ್ಯತ್ಯಾಸ ಗೊತ್ತಿರಬೇಕು. ಹಸಿಕಾಯಿಯಲ್ಲಿ ಸುಮಾರು ಮೂರನೇ ಒಂದು ಭಾಗ ಕೊಬ್ಬು, ಜೊತೆಗೆ ನೀರು, ನಾರು. ಒಣಗಿ ಕೊಬ್ಬರಿಯಾದಾಗ ಮೂರನೇ ಎರಡು ಭಾಗ ಕೊಬ್ಬು. ಎಣ್ಣೆಯಾದಾಗ ಪೂರ್ತಿ ಕೊಬ್ಬೇ, ಅದೂ ಹೆಚ್ಚುಕಡಿಮೆ ಎಲ್ಲ ಸ್ಯಾಚುರೇಟೆಡ್ ಜಾತಿಯದು. ಬೇರೆ ಅಡುಗೆ ಎಣ್ಣೆಗಳಿಗೆ ಹೋಲಿಸಿದರೆ ಕೊಬ್ಬರಿಎಣ್ಣೆ ಎಲ್‌ಡಿಎಲ್ ಏರಿಸುತ್ತದೆ ಎನ್ನುವುದು ಅನೇಕ ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಸ್ಪಷ್ಟವಾಗಿದೆ. ‘ನಮ್ಮ ಅಜ್ಜ ತಿಂದು ತೊಂಬತ್ತು ವರ್ಷ ಬದುಕಿದರು’ ಎನ್ನುವುದು ನಿಜ. ಅಜ್ಜ ದಿನಾ ತೋಟದಲ್ಲಿ ಅಗೆದರು, ಗೋಣಿ ಹೊತ್ತರು, ಅವರ ಎಲ್‌ಎಡಿಯಲ್ಲಿ ಶೇ 70 ಬ್ಲಾಕ್ ಇದ್ದಿರಲಾರದು. ಯಜಮಾನರಿಗೆ ಸಾರಿಗೆ, ಪಲ್ಯಕ್ಕೆ ಸೇರಿ ದಿನಕ್ಕೆ ಎರಡು ಚಮಚ ಹಸಿಕಾಯಿ ತುರಿ ಇರಲಿ. ಮಂಡಿಯಲ್ಲಿ ಕೂತಲ್ಲೇ ಬೆಲ್ಲದ ಜೊತೆ ಒಂದೊಂದೇ ಹೋಳು ಬಾಯಿಗೆ ಹಾಕಿಕೊಳ್ಳುವ ಅಭ್ಯಾಸವಿದ್ದರೆ ಅದು ಮಾತ್ರ ನಿಲ್ಲಬೇಕು. ತುಪ್ಪಕ್ಕೂ ಇದೇ ನಿಯಮ: ಬೇಕೇ ಬೇಕೆಂದರೆ ಅರ್ಧ ಚಮಚ, ಅದೂ ಆ ನಾಲ್ಕು ಚಮಚದ ಲೆಕ್ಕದೊಳಗೆ.

ಇಷ್ಟೆಲ್ಲ ಮಾಡಿದ ಮೇಲೂ ಮಾತ್ರೆ ಏಕೆ ಬೇಕು ಎನ್ನುವುದಕ್ಕೆ ನಿಮ್ಮ ರಿಪೋರ್ಟಿನ ಒಂದೇ ಅಂಕಿ ಸಾಕು. ಎಲ್‌ಡಿಎಲ್ 148. ಬ್ಲಾಕ್ ಇರುವವರಿಗೆ ಅದು 55ಕ್ಕಿಂತ ಕೆಳಗಿರಬೇಕು ಎನ್ನುತ್ತದೆ ಇವತ್ತಿನ ವೈದ್ಯಶಾಸ್ತ್ರ. ಊಟದಿಂದ ಮನೆಯಲ್ಲಿ ಶೇ 13 ಇಳಿದರೆ 129ಕ್ಕೆ ಬರುತ್ತದೆ. ಜೆಂಕಿನ್ಸ್ ಅವರೇ ಬಂದು ಬಡಿಸಿದರೂ 106. ಅಲ್ಲಿಂದ 55ಕ್ಕೆ ಬಹಳ ದೂರ. ಈಗ ಹೀಗೆ ಲೆಕ್ಕ ಹಾಕಿ: ಸ್ಟಾಟಿನ್ ಮಾತ್ರೆ ಪೂರ್ಣ ಪ್ರಮಾಣದಲ್ಲಿ ಅರ್ಧದಷ್ಟು ಇಳಿಸುತ್ತದೆ, 148 ಇದ್ದದ್ದು 74. ಎಝೆಟಿಮೈಬ್ ಎಂಬ ಇನ್ನೊಂದು ಮಾತ್ರೆ ಸೇರಿಸಿದರೆ ಮತ್ತೆ ಐದನೇ ಒಂದು ಭಾಗ, 59ರ ಹತ್ತಿರ. ನಿಮ್ಮ ಕೈಯ ಹುರುಳಿಸಾರು, ಬೆಂಡೆಕಾಯಿ, ಇಸಬ್ಗೋಲ್ ಸೇರಿದರೆ 51. ಮಾತ್ರೆಗೆ ಗಡಿ ದಾಟಲಾಗದಿದ್ದದ್ದನ್ನು ಊಟ ದಾಟಿಸಿತು. ಒಬ್ಬೊಬ್ಬರ ದೇಹದಲ್ಲಿ ಈ ಅಂಕಿಗಳು ಸ್ವಲ್ಪ ಹಿಂದೆಮುಂದೆ ಆಗುತ್ತವೆ, ಆದರೆ ಲೆಕ್ಕದ ರೀತಿ ಇದೇ. ಊಟ ಮತ್ತು ಮಾತ್ರೆಯನ್ನು ಎದುರಾಳಿಗಳಂತೆ ನಿಲ್ಲಿಸುವವರ ಮಾತು ನಂಬಬೇಡಿ. ಅವು ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತು.

ಸ್ಟಾಟಿನ್ ‘ಕೆಮಿಕಲ್’ ಎಂದು ಹೆದರುವವರಿಗೆ ಅದರ ಹುಟ್ಟಿನ ಕತೆ ಹೇಳುತ್ತೇನೆ. ಜಪಾನಿನ ಅಕಿರಾ ಎಂಡೊ ರೈತಾಪಿ ಮನೆಯ ಹುಡುಗ. ಬೂಸ್ಟು, ಅಣಬೆಗಳ ಮೇಲೆ ಚಿಕ್ಕಂದಿನಿಂದ ಪ್ರೀತಿ. ಸಾವಿರಾರು ಬಗೆಯ ಬೂಸ್ಟುಗಳನ್ನು ಜಾಲಾಡಿ, ಕೊನೆಗೆ 1973ರಲ್ಲಿ ಕ್ಯೋಟೋದ ಒಂದು ದಿನಸಿ ಅಂಗಡಿಯ ಅಕ್ಕಿಯಲ್ಲಿ ಬೆಳೆದ ಬೂಸ್ಟಿನಿಂದ ಮೊದಲ ಸ್ಟಾಟಿನ್ ತೆಗೆದರು. ಹಾಗಾಗಿ ಇದರ ಬೇರು ಪ್ರಕೃತಿಯಲ್ಲೇ ಇದೆ. 1994ರಲ್ಲಿ 4,444 ಹೃದ್ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ ಸ್ಟಾಟಿನ್ ತಗೊಂಡವರಲ್ಲಿ ಸಾವು ಶೇ 30ರಷ್ಟು ಕಡಿಮೆಯಾಯಿತು. ಮೈಕೈ ನೋವು ಬಂದರೆ, ಮೂತ್ರ ಕಂದಾದರೆ ಡಾಕ್ಟರಿಗೆ ಹೇಳಿ. ಪ್ರಮಾಣ ಬದಲಾಯಿಸುತ್ತಾರೆ, ಬೇರೆ ಮಾತ್ರೆ ಕೊಡುತ್ತಾರೆ. ಸಕ್ಕರೆ ತುಸು ಏರಬಹುದು, ಅದನ್ನೂ ನೋಡಿಕೊಳ್ಳುತ್ತಾರೆ. ತಾವಾಗಿ ನಿಲ್ಲಿಸುವುದು ಮಾತ್ರ ಬೇಡ. ಮುಂದೆ ಎಂದಾದರೂ ಸ್ಟೆಂಟ್ ಹಾಕಿಸಿದರೆ ರಕ್ತ ತೆಳುಮಾಡುವ ಮಾತ್ರೆಗಳನ್ನು ಡಾಕ್ಟರನ್ನು ಕೇಳದೆ ಒಂದು ದಿನವೂ ಬಿಡಕೂಡದು. ಬಿಟ್ಟರೆ ಸ್ಟೆಂಟಿನೊಳಗೇ ಹೆಪ್ಪುಗಟ್ಟಿ ಜೀವ ಹೋಗಬಹುದು.

ಕಷಾಯದ ಮಾತು. ಶುಂಠಿ, ಬೆಳ್ಳುಳ್ಳಿ, ನಿಂಬೆ ಅಡುಗೆಗೆ ಒಳ್ಳೆಯವೇ, ಧಾರಾಳವಾಗಿ ಬಳಸಿ; ಉಪ್ಪು ಕಡಿಮೆ ಮಾಡಿದ ಸಾರಿಗೆ ರುಚಿ ಕೊಡುವುದು ಅವೇ. ಆದರೆ ಹುಳಿರಸ ಹೊಟ್ಟೆಗೆ ಹೋಗಿ, ಅಲ್ಲಿಂದ ರಕ್ತಕ್ಕೆ ಸೇರಿ, ಗೋಡೆಯೊಳಗಿನ ಗುಳ್ಳೆಯನ್ನು ಕರಗಿಸುವುದು ಆಗದ ಮಾತು. 2022ರಲ್ಲಿ 190 ಜನರ ಮೇಲೆ ಬೆಳ್ಳುಳ್ಳಿ, ಅರಿಶಿನ, ದಾಲ್ಚಿನ್ನಿ, ಮೀನೆಣ್ಣೆ ಮುಂತಾದವುಗಳ ಮಾತ್ರೆಗಳನ್ನು ಸ್ಟಾಟಿನ್‌ನ ಅತಿ ಸಣ್ಣ ಪ್ರಮಾಣದ ಜೊತೆ ಹೋಲಿಸಿ ನೋಡಿದರು. 28 ದಿನದಲ್ಲಿ ಸ್ಟಾಟಿನ್ ಎಲ್‌ಡಿಎಲ್ಲನ್ನು ಶೇ 38ರ ಹತ್ತಿರ ಇಳಿಸಿತು. ಉಳಿದ ಯಾವುದೂ ಖಾಲಿ ಮಾತ್ರೆಗಿಂತ ಹೆಚ್ಚು ಇಳಿಸಲಿಲ್ಲ. ಹೊಳೆಮತ್ತಿ ಅಂದರೆ ಅರ್ಜುನದ ತೊಗಟೆಯನ್ನು ನಮ್ಮ ಹಿರಿಯರು ಹೃದಯಕ್ಕೆಂದು ಬಳಸಿದ್ದಾರೆ, ಆ ಜ್ಞಾನದ ಬಗ್ಗೆ ನನಗೆ ಗೌರವವಿದೆ. ಅದರಿಂದ ಬ್ಲಾಕ್ ಕರಗಿದೆ ಎಂದು ತೋರಿಸಿದ ದೊಡ್ಡ ಅಧ್ಯಯನ ಇಲ್ಲ. ತಗೊಳ್ಳುತ್ತಿದ್ದರೆ ಡಾಕ್ಟರ ಹತ್ತಿರ ಮುಚ್ಚಿಡಬೇಡಿ. ಡ್ರಿಪ್ ಹಾಕಿ ‘ಬ್ಲಾಕ್ ತೊಳೆಯುವ’ ಕೀಲೇಷನ್ ಚಿಕಿತ್ಸೆಗೆ ಸಾವಿರಗಟ್ಟಲೆ ಖರ್ಚು ಮಾಡಬೇಡಿ. ಸಕ್ಕರೆ ಕಾಯಿಲೆಯೂ ಇದ್ದ ಹೃದ್ರೋಗಿಗಳ ಮೇಲೆ ಅದನ್ನು ಚೆನ್ನಾಗಿ ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಪ್ರಯೋಜನ ಕಾಣಲಿಲ್ಲ.

‘ನ್ಯಾಚುರಲ್ ಬೈಪಾಸ್’ ಎನ್ನುವುದು ಇಇಸಿಪಿ ಯಂತ್ರ. ಕಾಲು, ತೊಡೆ, ಸೊಂಟದ ಕೆಳಗೆ ಪಟ್ಟಿ ಕಟ್ಟಿ, ಹೃದಯದ ಪ್ರತಿ ಬಡಿತದ ನಡುವೆ ಗಾಳಿ ತುಂಬಿ ಒತ್ತುತ್ತದೆ. ದಿನಕ್ಕೊಂದು ಗಂಟೆ, ಒಟ್ಟು 35 ದಿನ. ಇದು ಮೋಸವಲ್ಲ, ಸ್ಟೆಂಟ್, ಬೈಪಾಸ್ ಎರಡೂ ಆಗದ, ಮಾತ್ರೆಗೂ ನೋವು ಬಗ್ಗದವರಿಗೆ ನೋವು ಇಳಿಸಲು ಬಳಸುವ ಚಿಕಿತ್ಸೆ. ಆದರೆ ಬ್ಲಾಕ್ ತೆರೆಯುವುದಿಲ್ಲ, ಬೈಪಾಸಿಗೆ ಬದಲಿಯೂ ಅಲ್ಲ. ನಿಮ್ಮ ಯಜಮಾನರು ಆ ಹಂತದಲ್ಲೇ ಇಲ್ಲ.

ಅವರಿಗೆ ನಿಜವಾದ ನ್ಯಾಚುರಲ್ ಬೈಪಾಸ್ ಮನೆಯ ಹೊಸ್ತಿಲಿನಲ್ಲೇ ಶುರುವಾಗುತ್ತದೆ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸ್ಥಿರವಾದ ಎದೆನೋವಿನ 101 ಗಂಡಸರಿದ್ದರು. ಅರ್ಧ ಜನಕ್ಕೆ ಸ್ಟೆಂಟ್, ಅರ್ಧ ಜನಕ್ಕೆ ದಿನಾ 20 ನಿಮಿಷ ಸೈಕಲ್. ವರ್ಷದ ಕೊನೆಗೆ ತೊಂದರೆಯಿಲ್ಲದೆ ಇದ್ದವರು ಸೈಕಲ್ ಗುಂಪಿನಲ್ಲಿ ಶೇ 88, ಸ್ಟೆಂಟ್ ಗುಂಪಿನಲ್ಲಿ ಶೇ 70. ಯಜಮಾನರು ಡಾಕ್ಟರ ಒಪ್ಪಿಗೆ ಪಡೆದು, ಸಾಧ್ಯವಾದರೆ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿಕೊಂಡು, ಮೊದಲ ವಾರ ಸಮತಟ್ಟಾದ ದಾರಿಯಲ್ಲಿ ಹತ್ತು ನಿಮಿಷ ನಡೆಯಲಿ. ಮಾತನಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟೇ ವೇಗ. ವಾರಕ್ಕೆ ಐದು ನಿಮಿಷ ಏರಿಸುತ್ತಾ 40 ನಿಮಿಷಕ್ಕೆ ಬರಲಿ. ಊಟವಾದ ಎರಡು ಗಂಟೆಯೊಳಗೆ ಬೇಡ, ಚಳಿಗಾಲದ ಮುಂಜಾನೆ ಬೇಡ. ಎದೆ ಹಿಡಿದರೆ ತಕ್ಷಣ ನಿಲ್ಲಲಿ. ನಾಲಿಗೆ ಕೆಳಗೆ ಇಡುವ ಮಾತ್ರೆ ಜೇಬಿನಲ್ಲಿರಲಿ. ಯೋಗ ಇಷ್ಟವಾದರೆ ಮಾಡಲಿ. ನಮ್ಮ ದೇಶದ 24 ಆಸ್ಪತ್ರೆಗಳಲ್ಲಿ ಹೃದಯಾಘಾತವಾದ 3,959 ಜನರ ಮೇಲೆ ಯೋಗದ ಅಧ್ಯಯನ ನಡೆಯಿತು. ಸಾವು, ಮರು ಆಘಾತ ಕಡಿಮೆಯಾಯಿತು ಎಂದು ಖಚಿತವಾಗಿ ತೋರಲಿಲ್ಲ, ಆದರೆ ಯೋಗ ಮಾಡಿದವರು ಮೊದಲಿನ ಕೆಲಸಗಳಿಗೆ ಚೆನ್ನಾಗಿ ಮರಳಿದರು.

ಇನ್ನು ನೀವು ಕೊನೆಯಲ್ಲಿ ‘ಬೇರೆ ಯಾವ ಚಟವೂ ಇಲ್ಲ’ ಎಂದು ಬರೆದ ಸಾಲು. ಅಮ್ಮ, ನಿಮ್ಮ ಇಡೀ ಪ್ರಶ್ನೆಯಲ್ಲಿ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಆ ನಾಲ್ಕೈದು ಸಿಗರೇಟು. ಶೇ 70ರ ಅಂಕಿಗೂ ನಾನು ಅಷ್ಟು ಹೆದರಲಿಲ್ಲ. ಒಂದೊಂದು ಸಿಗರೇಟೂ ಒಳಪೊರೆಯನ್ನು ಕೆರಳಿಸುತ್ತದೆ, ರಕ್ತ ಬೇಗ ಹೆಪ್ಪುಗಟ್ಟುವಂತೆ ಮಾಡುತ್ತದೆ, ಗುಳ್ಳೆ ಒಡೆಯಲು ಬೇಕಾದ ಎಲ್ಲವನ್ನೂ ಒದಗಿಸುತ್ತದೆ. ‘ಬರೀ ನಾಲ್ಕೈದು’ ಎನ್ನುವ ಸುರಕ್ಷಿತ ಲೆಕ್ಕ ಇದರಲ್ಲಿಲ್ಲ. ಹೃದ್ರೋಗ ಬಂದ ಮೇಲೆ ಸೇದುವುದು ಬಿಟ್ಟವರಲ್ಲಿ ಸಾವಿನ ಅಪಾಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಯುತ್ತದೆ. ಯಾವ ಸ್ಟೆಂಟೂ, ಯಾವ ಕಷಾಯವೂ ಸ್ಥಿರ ಕಾಯಿಲೆಯವರಿಗೆ ಅಷ್ಟು ಕೊಟ್ಟದ್ದಿಲ್ಲ. ಆಪರೇಷನ್ನಿಗೆ ಹೆದರುವವರು ಮೊದಲು ಬಿಡಬೇಕಾದದ್ದು ಇದನ್ನೇ, ಇವತ್ತೇ. ಒಬ್ಬರಿಂದಲೇ ಆಗದಿದ್ದರೆ ನಿಕೋಟಿನ್ ಗಮ್, ಮಾತ್ರೆ ಇವೆ, ನಾಚಿಕೆಪಡದೆ ಕೇಳಲಿ. ಗುಟ್ಕಾ, ಜರ್ದಾ ಬದಲಿಗೆ ಹಿಡಿಯುವುದು ಬೇಡ.

ಆರು ವಾರ ಬಿಟ್ಟು ಎಲ್‌ಡಿಎಲ್ ಮತ್ತೆ ನೋಡಿಸಿ. ಮೂರು ತಿಂಗಳಲ್ಲಿ ಮೆಟ್ಟಿಲು ಹತ್ತಲು ಸಲೀಸಾಗಿದ್ದರೆ ಇದೇ ದಾರಿಯಲ್ಲಿ ಮುಂದುವರಿಯಿರಿ. ಇಷ್ಟೆಲ್ಲ ಮಾಡಿಯೂ ನೋವು ಬಿಡದಿದ್ದರೆ ಸ್ಟೆಂಟ್ ಹಾಕಿಸಿಕೊಳ್ಳಲಿ. ಅದು ಸೋಲಲ್ಲ. ನೋವಿಗೆ ಅದು ಒಳ್ಳೆಯ ಪರಿಹಾರ, ಮಣಿಕಟ್ಟಿನ ಒಂದು ಚುಚ್ಚಿನಲ್ಲಿ ಮುಗಿಯುವ ಕೆಲಸ. ಆಂಜಿಯೋಗ್ರಾಂನ ಸಿ.ಡಿ.ಯನ್ನು ಜೋಪಾನವಾಗಿಡಿ. ಡಾಕ್ಟರನ್ನು ಕೇಳುವಾಗ ‘ಸ್ಟೆಂಟ್ ಬೇಕೇ’ ಎಂದಷ್ಟೇ ಕೇಳದೆ, ‘ಇದರಿಂದ ಇವರ ಆಯುಷ್ಯ ಹೆಚ್ಚುತ್ತದೆಯೇ, ಇಲ್ಲ ನೋವು ಕಡಿಮೆಯಾಗುತ್ತದೆಯೇ’ ಎಂದು ಬಿಡಿಸಿ ಕೇಳಿ.

ನೋವಿನ ರೀತಿ ಬದಲಾದರೆ ಮಾತ್ರ ಮೂರು ತಿಂಗಳು ಕಾಯುವಂತಿಲ್ಲ. ಕಡಿಮೆ ದೂರಕ್ಕೇ ಬರತೊಡಗಿದರೆ, ಕೂತಾಗ, ನಿದ್ದೆಯಲ್ಲಿ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಹತ್ತು ನಿಮಿಷವಾದರೂ ಬಿಡದಿದ್ದರೆ, ಬೆವರು ಕಿತ್ತುಬಂದರೆ, ಎಡತೋಳಿಗೋ ದವಡೆಗೋ ಹರಿದರೆ ಗ್ಯಾಸು ಎಂದುಕೊಂಡು ಕೂರಬೇಡಿ. ಆಸ್ಪಿರಿನ್ ಒಗ್ಗದವರಲ್ಲದಿದ್ದರೆ 300 ಮಿಲಿಗ್ರಾಂನ ಒಂದು ಮಾತ್ರೆ ಜಗಿಸಿ, 108ಕ್ಕೆ ಫೋನ್ ಮಾಡಿ. ಬೆಂಗಳೂರಿಗೇ ಓಡಬೇಕೆಂದು ಗಂಟೆಗಟ್ಟಲೆ ದಾರಿಯಲ್ಲಿ ಕಳೆಯಬೇಡಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇ.ಸಿ.ಜಿ. ತೆಗೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ನಿಮ್ಮ ಊರಿನ ಆಸ್ಪತ್ರೆಯಲ್ಲಿ ಅದು ಯಾವ ಕೊಠಡಿಯಲ್ಲಿದೆ, ರಾತ್ರಿ ಯಾರನ್ನು ಕೇಳಬೇಕು ಎಂದು ಈ ವಾರವೇ ಹೋಗಿ ವಿಚಾರಿಸಿಕೊಂಡು ಬನ್ನಿ.